ಲ್ಯಾಬ್‌ನಲ್ಲಿ ಓಡುವ ಮಳೆ ಸ್ಕ್ರಿಪ್ಟ್ ಹೊಸ ಲ್ಯಾಪ್‌ಟಾಪ್‌ನಲ್ಲಿ ಬೀಳುತ್ತಿದೆ: ನಂಪೈ, ಪಾಂಡಾಸ್ ಎರರ್‌ಗಳು

ಸೋನೆಮಳೆ

ಎಲ್ಲರಿಗೂ ನಮಸ್ಕಾರ. ನಾನು ಪರಿಸರ ವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡುತ್ತಿದ್ದೇನೆ. ಹೊಸನಗರ, ತೀರ್ಥಹಳ್ಳಿ ಕಡೆಯ ಕೆಲವು ಮಳೆಮಾಪನ ಕೇಂದ್ರಗಳ ದಿನದ ಮಳೆ ಲೆಕ್ಕ ನನ್ನ ಪ್ರಾಜೆಕ್ಟ್. 2009ರಿಂದ 2023ರವರೆಗಿನ ಡೇಟಾ ಇದೆ. ಪೈಥಾನ್ ಸ್ಕ್ರಿಪ್ಟ್ ನಮ್ಮ ಸೀನಿಯರ್ ಒಬ್ಬರು ಬರೆದಿಟ್ಟು ಹೋದದ್ದು. ಅದು ಲೆಕ್ಕಕ್ಕೆ ನಂಪೈ, ಟೇಬಲ್‌ಗಳಿಗೆ ಪಾಂಡಾಸ್ ಅನ್ನುವ ಲೈಬ್ರರಿಗಳನ್ನು ಬಳಸುತ್ತದೆ. ಲ್ಯಾಬ್‌ನ ಹಳೇ ಕಂಪ್ಯೂಟರ್‌ನಲ್ಲಿ ಒಂದು ಚೂರೂ ತಕರಾರಿಲ್ಲದೆ ಓಡುತ್ತದೆ. ಅದೇ ಫೋಲ್ಡರ್ ಪೆನ್‌ಡ್ರೈವ್‌ನಲ್ಲಿ ತಂದು ನನ್ನ ಲ್ಯಾಪ್‌ಟಾಪ್‌ನಲ್ಲಿ ಓಡಿಸಿದರೆ ಶುರುವಾಗುತ್ತಿದ್ದಂತೆ ಬಿದ್ದು ಹೋಗುತ್ತದೆ.

ಬರುವ ಎರರ್ ಇದು: ‘ಆಟ್ರಿಬ್ಯೂಟ್ ಎರರ್: ಮಾಡ್ಯೂಲ್ ನಂಪೈ ಹ್ಯಾಸ್ ನೋ ಆಟ್ರಿಬ್ಯೂಟ್ ಇಂಟ್’. ಅದರ ಕೆಳಗೆ ಡೆಪ್ರಿಕೇಟೆಡ್ ಏಲಿಯಾಸ್ ಅಂತ ಇನ್ನೂ ಏನೇನೋ ಉದ್ದಕ್ಕೆ ಬರುತ್ತದೆ.

ಫ್ರೆಂಡ್ ಒಬ್ಬಳು ಹಳೇ ನಂಪೈ ಹಾಕಿಕೋ ಅಂದಳು. 1.23 ಹಾಕಲು ಹೋದರೆ ಅದು ಇನ್‌ಸ್ಟಾಲೇ ಆಗುತ್ತಿಲ್ಲ. ಪಿಕೆಜಿ-ಯುಟಿಲ್‌ನಲ್ಲಿ ‘ಇಂಪ್‌ಇಂಪೋರ್ಟರ್’ ಇಲ್ಲ ಅನ್ನುತ್ತದೆ. ಆ ಹೆಸರು ನಮ್ಮ ಸ್ಕ್ರಿಪ್ಟ್‌ನಲ್ಲಿ ಎಲ್ಲೂ ಇಲ್ಲ. ಏನು ಮಾಡಲಿ? ನನಗೆ ಪೈಥಾನ್ ಅಷ್ಟಕ್ಕಷ್ಟೇ.

ಹಳೇಕೋಡ್

ಆ ಉದ್ದದ ಎರರ್ ಪೂರ್ತಿ ಓದಿ, ಉತ್ತರ ಅದರಲ್ಲೇ ಇದೆ. ‘ಎನ್‌ಪಿ’ ಅಂದರೆ ಕೋಡ್‌ನಲ್ಲಿ ನಂಪೈಗೆ ಇಡುವ ಚಿಕ್ಕ ಹೆಸರು, ‘ಇಂಟ್’ ಅಂದರೆ ಪೂರ್ಣಾಂಕ. ‘ಎನ್‌ಪಿ.ಇಂಟ್’ ಅನ್ನುವುದು ನಂಪೈನ ಸ್ವಂತ ಟೈಪ್ ಆಗಿರಲೇ ಇಲ್ಲ. ಪೈಥಾನ್‌ನ ಮಾಮೂಲಿ ‘ಇಂಟ್’ಗೆ ಇಟ್ಟಿದ್ದ ಇನ್ನೊಂದು ಹೆಸರು ಅಷ್ಟೇ. ‘ಎನ್‌ಪಿ.ಫ್ಲೋಟ್’, ‘ಎನ್‌ಪಿ.ಬೂಲ್’, ‘ಎನ್‌ಪಿ.ಆಬ್ಜೆಕ್ಟ್’ ಕೂಡ ಹಾಗೇ. 2021ರ ಜನವರಿಯಲ್ಲಿ ಬಂದ ನಂಪೈ 1.20ರಲ್ಲಿ ಇವಕ್ಕೆ ‘ಡೆಪ್ರಿಕೇಟೆಡ್’, ಅಂದರೆ ಮುಂದೆ ತೆಗೆಯುತ್ತೇವೆ, ಬಳಸಬೇಡಿ ಅನ್ನುವ ವಾರ್ನಿಂಗ್ ಶುರುವಾಯಿತು. 2022ರ ಡಿಸೆಂಬರ್‌ನ 1.24ರಲ್ಲಿ ತೆಗೆದೇ ಬಿಟ್ಟರು. ‘ಎನ್‌ಪಿ.ಇಂಟ್’ ಇರುವಲ್ಲೆಲ್ಲ ಬರೀ ‘ಇಂಟ್’ ಅಂತ ಬರೆದರೆ ಮುಗಿಯಿತು.

ಒಂದು ಕಡೆ ಮಾತ್ರ ನಿಂತು ನೋಡಿ. ಕೇಂದ್ರಗಳ ಕೋಡ್ 10 ಅಂಕಿ ಅಥವಾ ಅದಕ್ಕಿಂತ ಉದ್ದ ಇದೆಯಾ? ವಿಂಡೋಸ್‌ನಲ್ಲಿ ಹಳೇ ನಂಪೈ ಬರೀ ‘ಇಂಟ್’ ಅಂದರೆ 32 ಬಿಟ್ ಹಿಡಿಯುತ್ತಿತ್ತು. 2147483647 ದಾಟಿದ ಸಂಖ್ಯೆ ಅದರಲ್ಲಿ ಕೂರುವುದಿಲ್ಲ. ಅಂಥ ಕಾಲಂಗೆ ‘ಎನ್‌ಪಿ.ಇಂಟ್64’ ಅಂತ ಬಿಡಿಸಿ ಬರೆಯಿರಿ. ನಂಪೈ 2ರಿಂದ ವಿಂಡೋಸ್‌ನಲ್ಲೂ 64 ಬಿಟ್ಟೇ.

1.23 ಯಾಕೆ ಕೂರುತ್ತಿಲ್ಲ ಅಂದರೆ, ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಪೈಥಾನ್ 3.12 ಅಥವಾ ಅದಕ್ಕಿಂತ ಹೊಸದು ಇರಬೇಕು. ಆ ಪೈಥಾನ್‌ಗೆ ರೆಡಿಮೇಡ್ 1.23 ಇಲ್ಲ. ಹಾಗಾಗಿ ಪಿಪ್ (ಲೈಬ್ರರಿ ಇನ್‌ಸ್ಟಾಲ್ ಮಾಡುವ ಟೂಲ್) ಅದನ್ನು ಸೋರ್ಸ್‌ನಿಂದಲೇ ಕಟ್ಟಲು ಹೊರಡುತ್ತದೆ. ಅದಕ್ಕೆ ಕಟ್ಟುವ ಟೂಲ್ ಆದ ಹಳೇ ಸೆಟಪ್‌ಟೂಲ್ಸ್ ತರುತ್ತದೆ. ಆ ಸೆಟಪ್‌ಟೂಲ್ಸ್‌ಗೆ ಬೇಕಾದ ‘ಇಂಪ್‌ಇಂಪೋರ್ಟರ್’ 3.12ರಲ್ಲಿ ಇಲ್ಲ. ಡೆಪ್ರಿಕೇಟ್ ಆಗಿದ್ದನ್ನು ತಪ್ಪಿಸಿಕೊಳ್ಳಲು ಹೋಗಿ ಇನ್ನೊಂದು ಡೆಪ್ರಿಕೇಟ್ ಆಗಿದ್ದಕ್ಕೆ ತಗುಲಿಕೊಂಡಿದ್ದೀರಿ.

ಎರಡು ವಿಷಯ ಹೇಳಿ. ಎರಡೂ ಕಂಪ್ಯೂಟರ್‌ಗಳಲ್ಲಿ ಪೈಥಾನ್, ನಂಪೈ, ಪಾಂಡಾಸ್ ವರ್ಷನ್ ಎಷ್ಟೆಷ್ಟು? ಮತ್ತೆ ಎರರ್‌ನ ಕೊನೆಯಲ್ಲಿ ಬರುವ ಫೈಲ್ ಯಾವುದು, ನಿಮ್ಮ ಫೋಲ್ಡರ್‌ನದಾ ಅಥವಾ ಇನ್‌ಸ್ಟಾಲ್ ಆದ ಲೈಬ್ರರಿಗಳು ಕೂರುವ ‘ಸೈಟ್-ಪ್ಯಾಕೇಜಸ್’ ಒಳಗಿನದಾ? ನಿಮ್ಮದಾದರೆ ನೀವು ತಿದ್ದಬೇಕು. ಸೈಟ್-ಪ್ಯಾಕೇಜಸ್ ಒಳಗಿನದಾದರೆ ಬೇರೆ ಯಾವುದೋ ಲೈಬ್ರರಿ ಹಳೇದಾಗಿದೆ. ಅದನ್ನು ಅಪ್‌ಗ್ರೇಡ್ ಮಾಡಬೇಕು, ಒಳಗೆ ಕೈ ಹಾಕಿ ತಿದ್ದಬಾರದು.

ಗುಂಡುಪಿನ್

ಇಷ್ಟೆಲ್ಲ ಯಾಕೆ? ಸ್ಕ್ರಿಪ್ಟ್‌ನ ಮೇಲ್ಗಡೆ ‘ಎನ್‌ಪಿ.ಇಂಟ್ = ಇಂಟ್’ ಅಂತ ಒಂದು ಸಾಲು ಹಾಕಿ. ಓಡುತ್ತೆ. ನಾನು ಆಫೀಸಲ್ಲೂ ಹಾಗೇ ಮಾಡಿರೋದು.

ಹಳೇಕೋಡ್

ಓಡುತ್ತದೆ, ಇಲ್ಲ ಅನ್ನುವುದಿಲ್ಲ. ಡೆಡ್‌ಲೈನ್ ನಾಳೆ ಬೆಳಿಗ್ಗೆ ಇದ್ದರೆ ನಾನೂ ಹಾಕುತ್ತೇನೆ. ಆದರೆ ಇವರಿಗೆ ಸ್ಕ್ರಿಪ್ಟ್ ಬರೆದವರು ಬಿಟ್ಟು ಹೋಗಿದ್ದಾರೆ. ಮುಂದಿನ ವರ್ಷ ಇನ್ನೊಬ್ಬರಿಗೆ ಇದೇ ಫೋಲ್ಡರ್ ಹೋಗುತ್ತದೆ. ಫೈಂಡ್-ರೀಪ್ಲೇಸ್‌ನಲ್ಲಿ ಮುಗಿಯುವ ಕೆಲಸಕ್ಕೆ ಲೈಬ್ರರಿಯ ಒಳಗೇ ತೇಪೆ ಹಾಕುವುದು ಯಾಕೆ ಅಂತ. ರೀಪ್ಲೇಸ್ ಮಾಡುವಾಗ ‘ಎನ್‌ಪಿ.ಇಂಟ್64’ ಕೂಡ ಸಿಕ್ಕಿ ಬರೀ ‘ಇಂಟ್64’ ಆಗದ ಹಾಗೆ ನೋಡಿಕೊಳ್ಳಿ, ಹೋಲ್ ವರ್ಡ್ ಟಿಕ್ ಮಾಡಿ.

ಸೋನೆಮಳೆ

ತುಂಬಾ ಥ್ಯಾಂಕ್ಸ್ ಸರ್. ಲ್ಯಾಬ್‌ನಲ್ಲಿ ಪೈಥಾನ್ 3.8, ನಂಪೈ 1.23, ಪಾಂಡಾಸ್ 1.5. ನನ್ನದರಲ್ಲಿ ಪೈಥಾನ್ 3.12, ನಂಪೈ 2.0, ಪಾಂಡಾಸ್ 2.2. ಫೈಲ್ ನಮ್ಮದೇ. ಸೀನಿಯರ್ ಎರಡು ಫೈಲ್ ಮಾಡಿದ್ದಾರೆ, ಒಂದು ಮುಖ್ಯ ಫೈಲ್, ಇನ್ನೊಂದರಲ್ಲಿ ಬರೀ ಫಂಕ್ಷನ್‌ಗಳು. ‘ಎನ್‌ಪಿ.ಇಂಟ್’ ಇದ್ದದ್ದು ಫಂಕ್ಷನ್‌ಗಳ ಫೈಲ್‌ನಲ್ಲಿ. ಎಲ್ಲ ಬದಲಾಯಿಸಿದೆ. ಕೋಡ್‌ಗಳು ನಾಲ್ಕಂಕಿಯವು, ತೊಂದರೆ ಇಲ್ಲ. ಆಮೇಲೆ ‘ಎನ್‌ಪಿ.ನ್ಯಾನ್’ನಲ್ಲಿ ನಿಂತಿತು. ಎರರ್‌ನಲ್ಲೇ ಎಲ್ಲ ಸಣ್ಣ ಅಕ್ಷರದಲ್ಲಿ ಬರೆಯಿರಿ ಅಂತ ಇತ್ತು, ಹಾಗೇ ಮಾಡಿದೆ.

ಈಗ ಹೊಸದು: ‘ಡೇಟಾಫ್ರೇಮ್ ಆಬ್ಜೆಕ್ಟ್ ಹ್ಯಾಸ್ ನೋ ಆಟ್ರಿಬ್ಯೂಟ್ ಅಪೆಂಡ್. ಡಿಡ್ ಯು ಮೀನ್: _ಅಪೆಂಡ್?’ ಅಪೆಂಡ್‌ಗೆ ಮುಂಚೆ ಒಂದು ಅಂಡರ್‌ಸ್ಕೋರ್ ಇದೆ. ಅದೇ ಹಾಕಿದರೆ ಸಾಕಾ?

ಗುಂಡುಪಿನ್

ಪೈಥಾನ್‌ನೇ ಹೇಳ್ತಿದೆಯಲ್ಲ, ಹಾಕಿ ಮುಂದೆ ಹೋಗಿ. 😄 ಎಐ ಕೇಳಿದ್ರೂ ಅದನ್ನೇ ಹೇಳುತ್ತೆ.

ತುಂಗಾತೀರ

ಬೇಡ ಮೇಡಂ, ದಯವಿಟ್ಟು ಬೇಡ. ಆ ಸಲಹೆ ಪಾಂಡಾಸ್ ಕೊಡುತ್ತಿರುವುದಲ್ಲ. ಪೈಥಾನ್ 3.10ರಿಂದ, ತಪ್ಪು ಹೆಸರು ಬರೆದರೆ ಹತ್ತಿರದ ಸ್ಪೆಲ್ಲಿಂಗ್ ಹುಡುಕಿ ತೋರಿಸುತ್ತದೆ. ಅದಕ್ಕೆ ಸ್ಪೆಲ್ಲಿಂಗ್ ಗೊತ್ತು, ಅರ್ಥ ಗೊತ್ತಿಲ್ಲ. ಮುಂದೆ ಅಂಡರ್‌ಸ್ಕೋರ್ ಇದ್ದರೆ ಅದು ಲೈಬ್ರರಿಯವರ ಒಳಮನೆ ಅಂತ. ಅದನ್ನು ಯಾವತ್ತು ಬೇಕಾದರೂ ಒಂದು ವಾರ್ನಿಂಗೂ ಇಲ್ಲದೆ ತೆಗೆಯಬಹುದು.

ಡೇಟಾಫ್ರೇಮ್ ಅಂದರೆ ಪಾಂಡಾಸ್‌ನ ಟೇಬಲ್. ಅದರ ಅಪೆಂಡ್‌ಗೆ 2022ರ ಜನವರಿಯ ಪಾಂಡಾಸ್ 1.4ರಲ್ಲಿ ವಾರ್ನಿಂಗ್ ಬಂತು. 2023ರ ಏಪ್ರಿಲ್‌ನ 2.0ರಲ್ಲಿ ಹೋಯಿತು. ಹೋಗಲು ಕಾರಣ ಇದೆ. ಹೆಸರು ಲಿಸ್ಟ್‌ನ ಅಪೆಂಡ್ ಥರ ಇದ್ದರೂ ಕೆಲಸ ಬೇರೆ. ಲಿಸ್ಟ್‌ಗೆ ಅಪೆಂಡ್ ಮಾಡಿದರೆ ಅದೇ ಲಿಸ್ಟ್‌ನ ಬಾಲಕ್ಕೆ ಒಂದು ಸೇರುತ್ತದೆ. ಡೇಟಾಫ್ರೇಮ್‌ಗೆ ಅಪೆಂಡ್ ಮಾಡಿದರೆ ಇದ್ದ ಟೇಬಲ್ ಪೂರ್ತಿ ಕಾಪಿ ಆಗಿ ಹೊಸದೊಂದು ಟೇಬಲ್ ಹುಟ್ಟುತ್ತದೆ. ಒಂದು ಸಲ ಮಾಡಿದರೆ ಗೊತ್ತಾಗಲ್ಲ. ಲೂಪ್ ಒಳಗೆ ಇಟ್ಟರೆ ಪ್ರತಿ ಸುತ್ತಿನಲ್ಲೂ ಹಿಂದಿನದೆಲ್ಲ ಮತ್ತೆ ಕಾಪಿ. ಸಾಲು ಹತ್ತು ಪಟ್ಟಾದರೆ ಕಾಪಿ ಮಾಡುವ ಕೆಲಸ ಹೆಚ್ಚುಕಡಿಮೆ ನೂರು ಪಟ್ಟು.

ನಿಮ್ಮ ಆ ಲೂಪ್ ಇಲ್ಲಿ ಹಾಕಿ ನೋಡೋಣ.

ಸೋನೆಮಳೆ

ಹೆಸರುಗಳನ್ನು ಚಿಕ್ಕದು ಮಾಡಿ ಹಾಕುತ್ತಿದ್ದೇನೆ (ಪಿಡಿ ಅಂದರೆ ಪಾಂಡಾಸ್):

ಎಲ್ಲಾ = ಪಿಡಿ.ಡೇಟಾಫ್ರೇಮ್()
ಫಾರ್ ಫೈಲ್ ಇನ್ ಫೈಲ್‌ಗಳು:
    ಒಂದು = ಪಿಡಿ.ರೀಡ್_ಸಿಎಸ್‌ವಿ(ಫೈಲ್)
    ಎಲ್ಲಾ = ಎಲ್ಲಾ.ಅಪೆಂಡ್(ಒಂದು)

ತುಂಗಾತೀರ

ಹೀಗೆ ಮಾಡಿ:

ತುಂಡುಗಳು = []
ಫಾರ್ ಫೈಲ್ ಇನ್ ಫೈಲ್‌ಗಳು:
    ತುಂಡುಗಳು.ಅಪೆಂಡ್(ಪಿಡಿ.ರೀಡ್_ಸಿಎಸ್‌ವಿ(ಫೈಲ್))
ಎಲ್ಲಾ = ಪಿಡಿ.ಕಾನ್‌ಕ್ಯಾಟ್(ತುಂಡುಗಳು, ಇಗ್ನೋರ್_ಇಂಡೆಕ್ಸ್=ಟ್ರೂ)

ಓದಿದ ಟೇಬಲ್‌ಗಳನ್ನು ಲಿಸ್ಟ್‌ನಲ್ಲಿ ಕೂಡಿಡಿ, ಲೂಪ್ ಮುಗಿದ ಮೇಲೆ ಒಂದೇ ಸಲ ಜೋಡಿಸಿ. ಕಾನ್‌ಕ್ಯಾಟ್ ಸಾಲು ಲೂಪ್‌ನ ಹೊರಗೇ ಇರಲಿ. ಒಳಗೆ ಹೋದರೆ ಹಳೇ ಕಥೆಯೇ. ಇಗ್ನೋರ್_ಇಂಡೆಕ್ಸ್ ಯಾಕೆ ಅಂದರೆ, ಅದಿಲ್ಲದಿದ್ದರೆ ಪ್ರತಿ ಫೈಲ್‌ನ ಸಾಲುಗಳೂ ಮತ್ತೆ 0ಯಿಂದ ಶುರುವಾಗುತ್ತವೆ. ಆಮೇಲೆ 0ನೇ ಸಾಲು ಕೊಡು ಅಂದರೆ ಎಲ್ಲ ಕೇಂದ್ರದ 0ನೇ ಸಾಲೂ ಬರುತ್ತದೆ.

ಹೊಸಬ_ಪೈಥಾನ್

ಮಧ್ಯೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನನಗೂ ಇದೇ ಸಮಸ್ಯೆ. ನೀವು ಹೇಳಿದ ಹಾಗೆ ಲಿಸ್ಟ್ ಮಾಡಿದೆ, ಎರಡನೇ ಸುತ್ತಿನಲ್ಲಿ ‘ನನ್‌ಟೈಪ್ ಆಬ್ಜೆಕ್ಟ್ ಹ್ಯಾಸ್ ನೋ ಆಟ್ರಿಬ್ಯೂಟ್ ಅಪೆಂಡ್’ ಅಂತ ಬರುತ್ತಿದೆ. ಲಿಸ್ಟ್‌ನಲ್ಲೂ ಅಪೆಂಡ್ ತೆಗೆದು ಹಾಕಿದರಾ?

ತುಂಗಾತೀರ

ಇಲ್ಲ ಮಾರಾಯ್ರೆ. ‘ತುಂಡುಗಳು = ತುಂಡುಗಳು.ಅಪೆಂಡ್(...)’ ಅಂತ ಬರೆದಿದ್ದೀರಿ ಅಲ್ವಾ? ಡೇಟಾಫ್ರೇಮ್‌ನ ಅಪೆಂಡ್ ಹೊಸ ಟೇಬಲ್ ವಾಪಸ್ ಕೊಡುತ್ತಿತ್ತು, ಅದಕ್ಕೆ ಎಡಗಡೆ ಹಿಡಿದುಕೊಳ್ಳಬೇಕಿತ್ತು. ಲಿಸ್ಟ್‌ನದು ಏನೂ ವಾಪಸ್ ಕೊಡುವುದಿಲ್ಲ. ನೀವು ಆ ‘ಏನೂ ಇಲ್ಲ’ವನ್ನೇ ಹೆಸರಿಗೆ ಹಿಡಿದುಕೊಂಡಿರಿ. ಎಡಗಡೆಯ ‘ತುಂಡುಗಳು =’ ಅಳಿಸಿ.

ಹೊಸಬ_ಪೈಥಾನ್

ಆಯ್ತು! ಥ್ಯಾಂಕ್ಸ್.

ಬಯಲುಸೀಮೆ

ನನ್ನದೊಂದು ಅಸಮಾಧಾನ ಇದೆ, ಹೇಳಿಯೇ ಬಿಡುತ್ತೇನೆ. ನಾನು ಡಿಗ್ರಿ ಮಕ್ಕಳಿಗೆ ಡೇಟಾ ಪಾಠ ಮಾಡುತ್ತೇನೆ. ಪ್ರತಿ ವರ್ಷ ಜೂನ್‌ನಲ್ಲಿ ನೋಟ್ಸ್ ತೆಗೆದರೆ ಅರ್ಧ ಓಡಲ್ಲ. ಮಷೀನ್ ಲರ್ನಿಂಗ್ ಲೈಬ್ರರಿ ಸ್ಕೈಕಿಟ್-ಲರ್ನ್‌ನಲ್ಲಿ ಬಾಸ್ಟನ್ ಮನೆ ಬೆಲೆಯ ಡೇಟಾಸೆಟ್ ಇತ್ತು, 1.2ರಲ್ಲಿ ತೆಗೆದರು. ಗ್ರಾಫ್ ಬಿಡಿಸುವ ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ‘ಸೀಬಾರ್ನ್’ ಅನ್ನೋ ಸ್ಟೈಲ್ ಹೆಸರು ಬದಲಾಯಿಸಿದರು. ಪಾಠ ಅದೇ, ಗಣಿತ ಅದೇ. ಚೆನ್ನಾಗಿ ಕೆಲಸ ಮಾಡುತ್ತಿದ್ದದ್ದನ್ನು ಯಾಕೆ ಮುಟ್ಟಬೇಕು? ಬಳಸುವವರ ಕಷ್ಟ ಇವರಿಗೆ ಗೊತ್ತೇ ಇಲ್ಲ.

ತುಂಗಾತೀರ

ಸರ್, ನಾನು ಒಂದು ಸಣ್ಣ ಓಪನ್ ಸೋರ್ಸ್ ಲೈಬ್ರರಿಗೆ ಬಿಡುವಿನಲ್ಲಿ ಕೆಲಸ ಮಾಡುತ್ತೇನೆ, ಆ ಕಡೆಯಿಂದ ಹೇಳುತ್ತೇನೆ. ಬಾಸ್ಟನ್ ಡೇಟಾ ತೆಗೆದದ್ದು ಹಠಕ್ಕಲ್ಲ. ಅದರಲ್ಲಿ ಕಪ್ಪು ಜನ ಎಷ್ಟಿದ್ದಾರೆ ಅನ್ನುವುದರಿಂದ ಲೆಕ್ಕ ಹಾಕಿದ ಕಾಲಂ ಒಂದಿತ್ತು, ಮನೆ ಬೆಲೆಗೂ ಅದಕ್ಕೂ ನಂಟು ಹಾಕಿ. ಅದು ಸರಿಯಲ್ಲ ಅಂತ ತೆಗೆದರು. 1.0ರಲ್ಲೇ ವಾರ್ನಿಂಗ್ ಇತ್ತು.

‘ಎನ್‌ಪಿ.ಇಂಟ್’ಗೆ ವಾರ್ನಿಂಗ್ ಬಂದು ತೆಗೆಯುವವರೆಗೆ ಸುಮಾರು ಎರಡು ವರ್ಷ ಬಿಟ್ಟಿದ್ದರು. ಅವಸರ ಮಾಡಿದರು ಅನ್ನುವ ಹಾಗಿಲ್ಲ. ಆದರೆ ಒಂದು ಮಾತು ನಿಮ್ಮ ಪರವಾಗಿ ಹೇಳಬೇಕು. ಆ ವಾರ್ನಿಂಗ್ ತುಂಬಾ ಜನಕ್ಕೆ ಕಾಣಲೇ ಇಲ್ಲ. ಇಂಥದ್ದನ್ನು ಹೇಳಲು ಪೈಥಾನ್‌ನಲ್ಲಿ ಮುಖ್ಯವಾಗಿ ಎರಡು ಜಾತಿಯ ವಾರ್ನಿಂಗ್ ಇವೆ. ‘ಫ್ಯೂಚರ್‌ವಾರ್ನಿಂಗ್’ ಎಲ್ಲರಿಗೂ ಕಾಣುತ್ತದೆ. ‘ಡೆಪ್ರಿಕೇಶನ್‌ವಾರ್ನಿಂಗ್’ ಹಾಗಲ್ಲ. ನೀವು ನೇರವಾಗಿ ಓಡಿಸುವ ಮುಖ್ಯ ಫೈಲ್‌ನ ಸಾಲಿನಿಂದ ಹುಟ್ಟಿದರೆ ಮಾತ್ರ ತೋರಿಸುತ್ತದೆ. ಅದೇ ಸಾಲು ಇಂಪೋರ್ಟ್ ಮಾಡಿಕೊಂಡ ಇನ್ನೊಂದು ಫೈಲ್‌ನಲ್ಲಿದ್ದರೆ ಪೈಥಾನ್ ಸುಮ್ನೆ ಇರುತ್ತದೆ. ನಂಪೈ ಬಳಸಿದ್ದು ಎರಡನೆಯದನ್ನು.

ಸೋನೆಮಳೆ ಅವರ ‘ಎನ್‌ಪಿ.ಇಂಟ್’ ಇದ್ದದ್ದು ಫಂಕ್ಷನ್‌ಗಳ ಫೈಲ್‌ನಲ್ಲಿ. ಲ್ಯಾಬ್‌ನಲ್ಲಿ ಅದು ಕಾಣದೇ ಇದ್ದದ್ದು ಅದಕ್ಕೇ. ಆದರೆ ಪಾಂಡಾಸ್ ಅಪೆಂಡ್‌ಗೆ ಕೊಟ್ಟದ್ದು ಫ್ಯೂಚರ್‌ವಾರ್ನಿಂಗ್. 1.5ರಲ್ಲಿ ಅದು ಕಾಣಲೇಬೇಕಿತ್ತು. ‘ಒಂದು ಚೂರೂ ತಕರಾರಿಲ್ಲದೆ ಓಡುತ್ತದೆ’ ಅಂದಿರಿ. ಅಲ್ಲೇ ನನಗೆ ಅನುಮಾನ. ಮುಖ್ಯ ಫೈಲ್‌ನ ಮೇಲ್ಗಡೆ ವಾರ್ನಿಂಗ್‌ಗಳನ್ನು ಮುಚ್ಚಿಡುವ ‘ಫಿಲ್ಟರ್‌ವಾರ್ನಿಂಗ್ಸ್’ ಅಂತ ಏನಾದರೂ ಇದೆಯಾ ನೋಡಿ.

ಸೋನೆಮಳೆ

ಇದೆ ಸರ್! ‘ವಾರ್ನಿಂಗ್ಸ್.ಫಿಲ್ಟರ್‌ವಾರ್ನಿಂಗ್ಸ್("ಇಗ್ನೋರ್")’. ಪಕ್ಕದಲ್ಲಿ ‘ಔಟ್‌ಪುಟ್ ಕ್ಲೀನ್ ಆಗಿರಲಿ’ ಅಂತ ಕಾಮೆಂಟ್ ಕೂಡ ಇದೆ.

ಹಳೇಕೋಡ್

ಸಿಕ್ಕಿತು. ಈಗ ಹೀಗೆ ಮಾಡಿ. ಲ್ಯಾಪ್‌ಟಾಪ್‌ನಲ್ಲಿ ಒಂದೊಂದೇ ಎರರ್ ಹಿಡಿದು ಗುದ್ದಾಡುವುದು ನಿಲ್ಲಿಸಿ. ಲ್ಯಾಬ್ ಕಂಪ್ಯೂಟರ್‌ಗೆ ವಾಪಸ್ ಹೋಗಿ. ಅಲ್ಲಿರುವ ಜೋಡಿ ನಮಗೆ ಬಂಗಾರ. ನಂಪೈ 1.23, ಪಾಂಡಾಸ್ 1.5 ಎರಡೂ ದೊಡ್ಡ ಸ್ವಚ್ಛತೆಗೆ ಮುಂಚಿನ ಕೊನೆಯ ಮೆಟ್ಟಿಲು. ಹಳೆಯದೆಲ್ಲ ಅಲ್ಲಿ ಇನ್ನೂ ಓಡುತ್ತದೆ, ಮುಂದೆ ಏನೇನು ಹೋಗುತ್ತದೆ ಅನ್ನುವುದರ ಬಹುಪಾಲನ್ನು ಹೇಳಿಯೂ ಹೇಳುತ್ತದೆ. ಇಗ್ನೋರ್ ಸಾಲು ಅಳಿಸಿ. ಆಮೇಲೆ ಪೈಥಾನ್ ಓಡಿಸುವಾಗ ಡ್ಯಾಶ್, ದೊಡ್ಡ ಡಬ್ಲ್ಯು, ಸ್ಪೇಸ್, ‘ಡೀಫಾಲ್ಟ್’ ಅಂತ ಕೊಡಿ. ಮುಚ್ಚಿಟ್ಟ ಡೆಪ್ರಿಕೇಶನ್‌ವಾರ್ನಿಂಗ್‌ಗಳೂ ಹೊರಗೆ ಬರುತ್ತವೆ. ಬಂದದ್ದೆಲ್ಲ ಒಂದು ಫೈಲ್‌ಗೆ ತುಂಬಿಸಿಕೊಂಡು ಬನ್ನಿ. ಹಳೇ ಸ್ಕ್ರಿಪ್ಟ್ ಕೊಡುವ ತಿಂಗಳವಾರು ಟೇಬಲ್ ಕೂಡ ಸೇವ್ ಮಾಡಿಕೊಳ್ಳಿ, ಹೋಲಿಸಲು ಬೇಕಾಗುತ್ತದೆ.

ಸೋನೆಮಳೆ

ಮಾಡಿದೆ. ಪರದೆ ತುಂಬಾ ಬಂತು. ಪುನರಾವರ್ತನೆ ಬಿಟ್ಟರೆ ಇಷ್ಟು: ‘ಎನ್‌ಪಿ.ಇಂಟ್’, ಅಪೆಂಡ್, ‘ಐಟರ್‌ಐಟಮ್ಸ್’, ಗ್ರೂಪ್‌ಬೈ ಮೀನ್‌ನಲ್ಲಿ ‘ನ್ಯೂಮೆರಿಕ್_ಓನ್ಲಿ’ ಅಂತ ಒಂದು, ಮತ್ತೆ ಯೂಸರ್‌ವಾರ್ನಿಂಗ್ ಒಂದು. ಆ ಕೊನೆಯದು ಡೆಪ್ರಿಕೇಟ್ ಬಗ್ಗೆ ಅಲ್ಲ. ದಿನ/ತಿಂಗಳು/ವರ್ಷ ಫಾರ್ಮ್ಯಾಟ್‌ನ ತಾರೀಖು, ಡೇಫಸ್ಟ್ ಫಾಲ್ಸ್, ‘ಇನ್‌ಕನ್ಸಿಸ್ಟೆಂಟ್ಲಿ ಪಾರ್ಸ್ಡ್ ಡೇಟ್ಸ್’ ಅಂತ ಏನೋ.

ಲ್ಯಾಪ್‌ಟಾಪ್‌ನಲ್ಲಿ ಅಪೆಂಡ್ ಸರಿ ಮಾಡಿದ ಮೇಲೆ ಇಲ್ಲಿ ನಿಂತಿದೆ: ‘ವ್ಯಾಲ್ಯೂ ಎರರ್: ಟೈಮ್ ಡೇಟಾ "13/01/2009" ಡಸಂಟ್ ಮ್ಯಾಚ್ ಫಾರ್ಮ್ಯಾಟ್ "%ಎಂ/%ಡಿ/%ವೈ", ಅಟ್ ಪೊಸಿಷನ್ 12’. ಸಾಲು ‘ಪಿಡಿ.ಟು_ಡೇಟ್‌ಟೈಮ್(ಎಲ್ಲಾ["ತಾರೀಖು"])’.

ಅಂದ ಹಾಗೆ ಅಪೆಂಡ್ ತೆಗೆದ ಮೇಲೆ ಫೈಲ್ ಓದುವ ಭಾಗ ತಟ್ಟಂತ ಮುಗಿಯುತ್ತದೆ. ಲ್ಯಾಬ್‌ನಲ್ಲಿ ಅಷ್ಟೊತ್ತಿಗೆ ಕ್ಯಾಂಟೀನ್‌ಗೆ ಹೋಗಿ ಬರುತ್ತಿದ್ದೆವು.

ಹಳೇಕೋಡ್

ಸಣ್ಣವು ಮೊದಲು. ‘ಐಟರ್‌ಐಟಮ್ಸ್’ ಇರುವಲ್ಲಿ ‘ಐಟಮ್ಸ್’, ಅಷ್ಟೇ. ಗ್ರೂಪ್‌ಬೈ ಮೀನ್‌ಗೆ (ಗುಂಪುವಾರು ಸರಾಸರಿ) ‘ನ್ಯೂಮೆರಿಕ್_ಓನ್ಲಿ=ಟ್ರೂ’ ಕೊಡಿ. ಮೊದಲು ಕೇಂದ್ರದ ಹೆಸರಿನಂಥ ಅಕ್ಷರದ ಕಾಲಂ ಇದ್ದರೆ ಅದನ್ನು ಹೇಳದೆ ಕೇಳದೆ ಬಿಟ್ಟುಬಿಡುತ್ತಿತ್ತು, ಈಗ ಸರಾಸರಿ ಮಾಡಲಾಗದು ಅಂತ ಎರರ್ ಕೊಡುತ್ತದೆ. ತಿಂಗಳ ಮೊತ್ತಕ್ಕೆ ರೀಸ್ಯಾಂಪಲ್‌ನಲ್ಲಿ ‘ಎಂ’ ಬಳಸಿದ್ದರೆ 2.2ರಲ್ಲಿ ‘ಎಂಇ’ ಬರೆಯಿರಿ ಅನ್ನುತ್ತದೆ. ತಿಂಗಳ ಕೊನೆ ಅಂತ. ಲ್ಯಾಬ್‌ನ 1.5ಕ್ಕೆ ‘ಎಂಇ’ ಗೊತ್ತಿಲ್ಲ. ಇದೊಂದನ್ನು ಲ್ಯಾಪ್‌ಟಾಪ್‌ನಲ್ಲೇ ತಿದ್ದಬೇಕು.

ತಾರೀಖಿನದ್ದು ಸಣ್ಣದಲ್ಲ. ಅದನ್ನು ಡೇಫಸ್ಟ್ (ದಿನ ಮೊದಲು ಅಂತ ಹೇಳುವುದು) ಹಾಕಿ ಮುಗಿಸುವ ಮುಂಚೆ ನಿಮ್ಮ ಹಳೇ ಗ್ರಾಫ್ ಒಮ್ಮೆ ನೋಡಿ.

ಅಡಿಕೆತೋಟ

ನನಗೆ ಪಾಂಡಾಸ್ ಅಷ್ಟು ಬರುವುದಿಲ್ಲ, ಮಳೆ ಗೊತ್ತು. ನಮ್ಮ ತೋಟ ಅದೇ ಕಡೆ. ಒಂದು ಪ್ರಶ್ನೆ: ನಿಮ್ಮ ಹಳೇ ಟೇಬಲ್‌ನಲ್ಲಿ ಜನವರಿ ಮಳೆ ಎಷ್ಟಿದೆ? ನಮ್ಮಲ್ಲಿ ಜನವರಿಯಲ್ಲಿ ಅಡಿಕೆ ಒಣಗಿಸುತ್ತಿರುತ್ತೇವೆ. ಎಲ್ಲೋ ಒಂದು ವರ್ಷ ಮೋಡ ಕಟ್ಟಿ ಅಂಗಳದಲ್ಲಿ ಹರಡಿದ್ದನ್ನು ಒಳಗೆ ಎಳೆದದ್ದು ಇದೆ. ಪ್ರತಿ ವರ್ಷ ಅಂದರೆ ಸುಳ್ಳು.

ಸೋನೆಮಳೆ

ಪ್ರತಿ ವರ್ಷ ಇದೆ ಸರ್. ಕೆಲವು ವರ್ಷ ಜನವರಿಯಲ್ಲಿ 200 ಮಿ.ಮೀ. ದಾಟಿದೆ. ಸೀನಿಯರ್ ರಿಪೋರ್ಟ್‌ನಲ್ಲಿ ‘ಚಳಿಗಾಲದ ಅಕಾಲಿಕ ಮಳೆ’ ಅಂತ ಒಂದು ಪ್ಯಾರಾನೇ ಇದೆ.

ತುಂಗಾತೀರ

ಅಯ್ಯೋ.

ಫಾರ್ಮ್ಯಾಟ್ ಹೇಳದಿದ್ದರೆ ಪಾಂಡಾಸ್ ಅಮೆರಿಕದ ರೂಢಿ ಹಿಡಿಯುತ್ತದೆ, ತಿಂಗಳು ಮೊದಲು, ದಿನ ಆಮೇಲೆ. 1.5ರವರೆಗೆ ಅದು ಒಂದೊಂದು ಸಾಲನ್ನೂ ಬೇರೆ ಬೇರೆಯಾಗಿ ಊಹಿಸುತ್ತಿತ್ತು. ‘01/07/2019’ ಕಂಡರೆ ಜನವರಿ 7. ‘13/07/2019’ ಕಂಡರೆ, 13ನೇ ತಿಂಗಳು ಅಂತ ಇಲ್ಲವಲ್ಲ, ಹಾಗಾದರೆ ಜುಲೈ 13. ಅಂದರೆ ಪ್ರತಿ ತಿಂಗಳ ಮೊದಲ 12 ದಿನ ಅದಲು ಬದಲು, 13ರಿಂದ ಮುಂದೆ ಸರಿ.

ಜನವರಿ 6ರಲ್ಲಿ ಕೂತಿರುವುದು ಜೂನ್ 1ರ ಮಳೆ. 7ರಲ್ಲಿ ಜುಲೈ 1ರದು. 8ರಲ್ಲಿ ಆಗಸ್ಟ್ 1ರದು, 9ರಲ್ಲಿ ಸೆಪ್ಟೆಂಬರ್ 1ರದು. ನಿಮ್ಮ ಅಕಾಲಿಕ ಮಳೆ ಪ್ರತಿ ವರ್ಷ ಅದೇ ನಾಲ್ಕೈದು ದಿನ ಬಿದ್ದಿದೆಯಾ ನೋಡಿ. ಆ ಕಡೆ ಜುಲೈನ ಮೊದಲ 12 ದಿನದಲ್ಲಿ ಜನವರಿ 7, ಫೆಬ್ರವರಿ 7, ಮಾರ್ಚ್ 7 ಹೀಗೆ ಎಲ್ಲ ತಿಂಗಳ 7ನೇ ತಾರೀಖು ಬಂದು ಕೂತಿರುತ್ತದೆ. ಹಾಗಾಗಿ ಜುಲೈ ಮೊತ್ತ ಕಡಿಮೆ ಬಂದಿರುತ್ತದೆ.

ಇದು ಇಷ್ಟು ದಿನ ಯಾಕೆ ಸಿಕ್ಕಿಬೀಳಲಿಲ್ಲ ಅಂದರೆ, ಅದಲು ಬದಲು ಪೂರ್ತಿ ಜೋಡಿ ಜೋಡಿಯಾಗಿ ಆಗುತ್ತದೆ. ಒಂದು ತಾರೀಖೂ ಡಬಲ್ ಆಗುವುದಿಲ್ಲ. ಒಂದೂ ಖಾಲಿ ಬೀಳುವುದಿಲ್ಲ. ವರ್ಷದ ಮೊತ್ತ ಒಂದು ಮಿ.ಮೀ. ಕೂಡ ಆಚೀಚೆ ಆಗಲ್ಲ. ಲೆಕ್ಕ ಹಾಕಿ: 12 ತಿಂಗಳು, ತಲಾ 12 ದಿನ, 144. ಅದರಲ್ಲಿ 01/01, 02/02 ಥರದ 12 ದಿನ ತಿರುಗಿಸಿದರೂ ಅದೇ. ಉಳಿದ 132 ದಿನ ಪ್ರತಿ ವರ್ಷ ತಪ್ಪು ಜಾಗದಲ್ಲಿ.

ಪಾಂಡಾಸ್ 2ರಿಂದ ಮೊದಲ ಸಾಲು ನೋಡಿ ಒಂದೇ ಫಾರ್ಮ್ಯಾಟ್ ಊಹಿಸಿ, ಅದನ್ನೇ ಕಾಲಂ ಪೂರ್ತಿ ಹಿಡಿಯುತ್ತದೆ. ಹೊಂದದಿದ್ದರೆ ನಿಂತು ಬಿಡುತ್ತದೆ. ನಿಮ್ಮ ಎರರ್‌ನ ‘ಪೊಸಿಷನ್ 12’ ಅಂದರೆ 0ಯಿಂದ ಎಣಿಸಿ 13ನೇ ಸಾಲು, ಜನವರಿ 13. ಮೊದಲ 12 ಸಾಲು ಅಮೆರಿಕದ ರೂಢಿಗೆ ಹೊಂದಿದ ಹಾಗೆ ಕಂಡವು, 13ನೆಯದಕ್ಕೆ ಮುಗ್ಗರಿಸಿತು.

ಸರಿ ಮಾಡುವುದು: ‘ಪಿಡಿ.ಟು_ಡೇಟ್‌ಟೈಮ್(ಎಲ್ಲಾ["ತಾರೀಖು"], ಫಾರ್ಮ್ಯಾಟ್="%ಡಿ/%ಎಂ/%ವೈ")’. ‘ಡಿ’, ‘ಎಂ’ ಸಣ್ಣಕ್ಷರ, ‘ವೈ’ ದೊಡ್ಡಕ್ಷರ. ಸಣ್ಣ ‘ವೈ’ ಎರಡಂಕಿಯ ವರ್ಷಕ್ಕೆ. ಡೇಫಸ್ಟ್ ಹಾಕಿದರೂ ನಡೆಯುತ್ತದೆ, ಆದರೆ ಅದು ಸಲಹೆ ಮಾತ್ರ, ಕಟ್ಟುನಿಟ್ಟಲ್ಲ. ಫಾರ್ಮ್ಯಾಟ್ ಬರೆದರೆ ಊಹೆಗೆ ಜಾಗವೇ ಇಲ್ಲ.

ಗುಂಡುಪಿನ್

ನಾನು ಇನ್ನೇನು ‘ಎರರ್ಸ್="ಕೊಅರ್ಸ್"’ ಹಾಕಿ ಅಂತ ಬರೆಯೋಕೆ ಹೊರಟಿದ್ದೆ 🙈

ಹಳೇಕೋಡ್

ಹಾಕಿದ್ದರೆ ಇನ್ನೂ ಮಜಾ ಇರುತ್ತಿತ್ತು. 13ರಿಂದ 31ರವರೆಗಿನ ದಿನಗಳೆಲ್ಲ ಖಾಲಿ ತಾರೀಖಾಗಿ ಮಾಯ, ಉಳಿದವು ತಪ್ಪು ಜಾಗದಲ್ಲೇ. ಎರರ್ ಮಾತ್ರ ಇಲ್ಲ.

ಸೋನೆಮಳೆ

ನೋಡಿದೆ. 15 ವರ್ಷವೂ ಜನವರಿ ಮಳೆಯೆಲ್ಲ 6ರಿಂದ 10ರ ಒಳಗೇ ಇದೆ. ಅದರಾಚೆ ಎಲ್ಲೋ ಅಲ್ಲೊಂದು ಇಲ್ಲೊಂದು ದಿನ. ಫಾರ್ಮ್ಯಾಟ್ ಹಾಕಿ ಓಡಿಸಿದ ಮೇಲೆ ಜನವರಿ ಹೆಚ್ಚುಕಡಿಮೆ ಸೊನ್ನೆ, ಜುಲೈ ಮೇಲಕ್ಕೆ ಹೋಗಿದೆ. ವರ್ಷದ ಮೊತ್ತ ಹಳೇದೇ. ಗೈಡ್ ಹತ್ತಿರ ಈಗ ಏನು ಹೇಳಲಿ ಅಂತ ಯೋಚನೆ.

ಅಡಿಕೆತೋಟ

ಹಳೇ ಟೇಬಲ್, ಹೊಸ ಟೇಬಲ್, ಮಧ್ಯೆ ಜನವರಿ 7ರ ಒಂದೇ ಒಂದು ಸಾಲು. ಮೂರನ್ನೂ ಪ್ರಿಂಟ್ ತೆಗೆದು ಮುಂದೆ ಇಡಿ ಮಗಳೇ. ಮಾತು ಜಾಸ್ತಿ ಬೇಡ.

ಇನ್ನೊಂದು. ದಾಖಲೆಯಲ್ಲಿ ಖಾಲಿ ಬಿಟ್ಟ ದಿನಗಳನ್ನು ಏನು ಮಾಡುತ್ತೀರಿ? ಹಬ್ಬದ ದಿನ, ಅಳೆಯುವವರು ಇಲ್ಲದ ದಿನ ಇರುತ್ತವೆ.

ಸೋನೆಮಳೆ

ಅದಕ್ಕೆ ‘ಫಿಲ್‌ಎನ್‌ಎ(ಮೆಥಡ್="ಎಫ್‌ಫಿಲ್")’ ಅಂತ ಇದೆ. ಈಗ ಅದಕ್ಕೂ ವಾರ್ನಿಂಗ್ ಬರುತ್ತಿದೆ, ‘ಎಫ್‌ಫಿಲ್()’ ಬಳಸಿ ಅಂತ.

ಹಳೇಕೋಡ್

ಪಾಂಡಾಸ್ 2.1ರಿಂದ ಬರುವ ವಾರ್ನಿಂಗ್ ಅದು, ಬದಲಾಯಿಸುವುದು ಒಂದು ನಿಮಿಷದ ಕೆಲಸ. ಆದರೆ ಬದಲಾಯಿಸಬೇಡಿ, ಸಾಲನ್ನೇ ತೆಗೆಯಿರಿ. ಎಫ್‌ಫಿಲ್ ಅಂದರೆ ಹಿಂದಿನ ಬೆಲೆಯನ್ನೇ ಮುಂದಕ್ಕೆ ಎಳೆಯುವುದು. ಬ್ಯಾಂಕ್ ಬ್ಯಾಲೆನ್ಸ್‌ಗೆ ಸರಿ. ಮಳೆಗೆ ಮಾಡಿದರೆ ಜುಲೈನಲ್ಲಿ 180 ಮಿ.ಮೀ. ಬಿದ್ದ ಮರುದಿನ ದಾಖಲೆ ಇಲ್ಲದಿದ್ದರೆ ಅವತ್ತೂ 180. ಮೂರು ದಿನ ಇಲ್ಲದಿದ್ದರೆ ಮೂರು ದಿನವೂ 180. ಖಾಲಿ ಇದ್ದದ್ದು ಖಾಲಿಯೇ ಇರಲಿ, ತಿಂಗಳಲ್ಲಿ ಎಷ್ಟು ದಿನ ಖಾಲಿ ಅಂತ ಪಕ್ಕದಲ್ಲಿ ಬರೆಯಿರಿ. ತಿಂಗಳ ಮೊತ್ತ ತೆಗೆಯುವಾಗ ಸಮ್‌ಗೆ ‘ಮಿನ್_ಕೌಂಟ್’ (ಕನಿಷ್ಠ ಇಷ್ಟು ದಿನದ ದಾಖಲೆ ಇರಬೇಕು ಅನ್ನುವ ಸಂಖ್ಯೆ) ಕೊಡಿ. ಇಲ್ಲದಿದ್ದರೆ ಪೂರ್ತಿ ಖಾಲಿ ಇರುವ ತಿಂಗಳಿಗೂ ಪಾಂಡಾಸ್ 0 ಅನ್ನುತ್ತದೆ. ಮಳೆ ಬಂದಿಲ್ಲ ಅನ್ನುವುದೂ ಅಳೆದಿಲ್ಲ ಅನ್ನುವುದೂ ಬೇರೆ.

ಹೊಸಬ_ಪೈಥಾನ್

ಸರ್, ಗ್ರಾಫ್‌ನಲ್ಲಿ ಕನ್ನಡ ಹೆಸರು ಹಾಕಿದರೆ ಒತ್ತಕ್ಷರ ಎಲ್ಲ ಒಡೆದು ಹೋಗುತ್ತೆ. ಇದೂ ಡೆಪ್ರಿಕೇಟ್ ಸಮಸ್ಯೆನಾ?

ಕಟ್ಟೆಯ ಮೇಲ್ವಿಚಾರಕ

ಅಲ್ಲ. ಅದಕ್ಕೆ ಬೇರೆ ಎಳೆ ಶುರು ಮಾಡಿ, ಅದು ದೊಡ್ಡ ಗೋಳು. ಇಲ್ಲಿ ವಿಷಯ ಬಿಟ್ಟು ಹೋಗಬೇಡಿ.

ಬಯಲುಸೀಮೆ

ತಾರೀಖಿನ ವಿಷಯದಲ್ಲಿ ಪಾಂಡಾಸ್ ಮಾಡಿದ್ದು ಸರಿ, ಒಪ್ಪುತ್ತೇನೆ. ಹೆಸರು ತೆಗೆಯುವ ಆಟ ಮಾತ್ರ ಒಪ್ಪಲ್ಲ. ‘ಎನ್‌ಪಿ.ಬೂಲ್’ ನೋಡಿ. 1.24ರಲ್ಲಿ ತೆಗೆದರು, 2024ರ ಜೂನ್‌ನಲ್ಲಿ ಬಂದ ನಂಪೈ 2.0ರಲ್ಲಿ ಅದೇ ಹೆಸರು ವಾಪಸ್ ತಂದರು. ಮಕ್ಕಳಿಗೆ ನಾನು ಏನಂತ ಹೇಳಲಿ?

ತುಂಗಾತೀರ

😀 ಅದು ನಿಜ. ಆದರೆ ವಾಪಸ್ ಬಂದದ್ದು ಅದೇ ವಸ್ತುವಲ್ಲ. ಮೊದಲು ಪೈಥಾನ್‌ನ ಬೂಲ್ ಆಗಿತ್ತು, ಈಗ ನಂಪೈನ ಸ್ವಂತ ಬೂಲ್. ಮಧ್ಯೆ ಹೆಸರು ಖಾಲಿ ಬಿಟ್ಟದ್ದರಿಂದ ಹಳೇ ಅರ್ಥದಲ್ಲಿ ಬಳಸಿದ ಕೋಡ್ ಎಲ್ಲ ಆಗಲೇ ಬಿದ್ದು, ತಿದ್ದಿಸಿಕೊಂಡು ಬಂತು. ನೇರವಾಗಿ ಅರ್ಥ ಬದಲಾಯಿಸಿದ್ದರೆ ಯಾರಿಗೂ ಗೊತ್ತಾಗದ ಹಾಗೆ ಉತ್ತರ ಬದಲಾಗುತ್ತಿತ್ತು. ಮೇಲಿನ ಜನವರಿ ಮಳೆಯ ಥರ.

ನೋಟ್ಸ್‌ಗೆ ನನ್ನ ಸಲಹೆ: ಕೋಡ್ ತಪಾಸಣೆ ಮಾಡುವ ‘ರಫ್’ ಅನ್ನುವ ಟೂಲ್ ಹಾಕಿಕೊಳ್ಳಿ. ಅದರಲ್ಲಿ ನಂಪೈಗೆಂದೇ ನಿಯಮಗಳಿವೆ, ‘ಎನ್‌ಪಿವೈ’ ಗುಂಪು. ‘ಎನ್‌ಪಿವೈ201’ ಅನ್ನುವುದು ನಂಪೈ 2ರಲ್ಲಿ ಹೋದದ್ದನ್ನೆಲ್ಲ ಹುಡುಕುತ್ತದೆ, ಬಹಳಷ್ಟನ್ನು ತಾನೇ ತಿದ್ದುತ್ತದೆ. ಪ್ರತಿ ಸೆಮಿಸ್ಟರ್‌ಗೆ ಒಂದು ರಿಕ್ವೈರ್‌ಮೆಂಟ್ಸ್ ಫೈಲ್ ಮಾಡಿ ವರ್ಷನ್‌ಗಳನ್ನು ಬರೆದಿಡಿ. ಮಕ್ಕಳೆಲ್ಲ ಅದರಿಂದಲೇ ಇನ್‌ಸ್ಟಾಲ್ ಮಾಡಲಿ. ಅಪ್‌ಗ್ರೇಡ್ ರಜೆಯಲ್ಲಿ ಮಾಡಿ, ಪಾಠದ ಮಧ್ಯೆ ಬೇಡ.

ಬಯಲುಸೀಮೆ

ರಜೆಯಲ್ಲಿ ಮೌಲ್ಯಮಾಪನ ಇರುತ್ತೆ ಸ್ವಾಮಿ.

ಹಳೇಕೋಡ್

ಸೋನೆಮಳೆ ಅವರೇ, ಮುಗಿಸುವ ಮುಂಚೆ. ತಿದ್ದಿದ ಸ್ಕ್ರಿಪ್ಟ್ ಲ್ಯಾಬ್‌ನಲ್ಲೂ ಲ್ಯಾಪ್‌ಟಾಪ್‌ನಲ್ಲೂ ಓಡಿಸಿ. ಲ್ಯಾಬ್‌ನಲ್ಲಿ ಮಾತ್ರ ‘ಎಂಇ’ ಇದ್ದಲ್ಲಿ ‘ಎಂ’. ಎರಡರ ಟೇಬಲ್‌ಗಳನ್ನೂ ಸಿಎಸ್‌ವಿಗೆ ಬರೆದು ‘ಪಿಡಿ.ಟೆಸ್ಟಿಂಗ್.ಅಸರ್ಟ್_ಫ್ರೇಮ್_ಈಕ್ವಲ್’ನಿಂದ ಹೋಲಿಸಿ. ಒಂದೇ ಇದ್ದರೆ ಅದು ಸುಮ್ಮನಿರುತ್ತದೆ, ಬೇರೆ ಇದ್ದರೆ ಯಾವ ಕಾಲಂ ಅಂತ ಹೇಳುತ್ತದೆ. ಈಗ ಎರಡೂ ಕಡೆ ಒಂದೇ ಬರಬೇಕು, ಯಾಕೆಂದರೆ ಫಾರ್ಮ್ಯಾಟ್ ನೀವೇ ಹೇಳಿದ್ದೀರಿ.

ಆ ಕಚ್ಚಾ ಸಿಎಸ್‌ವಿಗಳನ್ನು ಯಾರಾದರೂ ಎಕ್ಸೆಲ್‌ನಲ್ಲಿ ತೆರೆದು ಸೇವ್ ಮಾಡಿದ್ದಾರಾ? ಕಂಪ್ಯೂಟರ್‌ನ ರೀಜನ್ ಅಮೆರಿಕ ಅಂತ ಇದ್ದರೆ ಎಕ್ಸೆಲ್ ಕೂಡ ಇದೇ ಕೆಲಸ ಮಾಡುತ್ತದೆ. 12ರವರೆಗಿನದನ್ನು ತಿಂಗಳು ಮೊದಲು ಅಂತ ತಾರೀಖು ಮಾಡಿ ಬಲಕ್ಕೆ ಒತ್ತುತ್ತದೆ, 13ರಿಂದ ಮುಂದಿನದನ್ನು ಬರೀ ಅಕ್ಷರ ಅಂತ ಎಡಕ್ಕೆ ಬಿಡುತ್ತದೆ. ಸೇವ್ ಮಾಡಿದರೆ ಬರೆಯುವ ರೀತಿಯೂ ಬದಲಾಗಬಹುದು. ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಿ, ಎಕ್ಸೆಲ್‌ನಲ್ಲಿ ಅಲ್ಲ.

ಸೋನೆಮಳೆ

ನೋಟ್‌ಪ್ಯಾಡ್‌ನಲ್ಲಿ ನೋಡಿದೆ. ಎಲ್ಲ ಫೈಲ್‌ನಲ್ಲೂ ‘01/01/2009’ ಥರ ಎರಡೆರಡು ಅಂಕಿ, ಒಂದನ್ನು ಬಿಟ್ಟು. ಒಂದು ಕೇಂದ್ರದ್ದರಲ್ಲಿ 2016ರಿಂದ ಈಚೆಗೆ ಕೆಲವು ಸಾಲು ‘1/7/2016’ ಅಂತ ಇವೆ, ಅದರ ಮಧ್ಯೆ ‘13/07/2016’ ಮಾಮೂಲಿಯಂತೆ.

ಹಳೇಕೋಡ್

ಅದನ್ನು ಎಕ್ಸೆಲ್ ಮುಟ್ಟಿದೆ. ಫಾರ್ಮ್ಯಾಟ್ ಕೊಟ್ಟರೂ ಪಾಂಡಾಸ್ ‘1/7’ ಅನ್ನು ತಕರಾರಿಲ್ಲದೆ ಓದುತ್ತದೆ, ಎರರ್ ಬರುವುದಿಲ್ಲ. ಅದು ಜುಲೈ 1ನಾ ಜನವರಿ 7ನಾ ಅನ್ನುವುದು ಬರೀ ಅದನ್ನು ನೋಡಿದರೆ ಗೊತ್ತಾಗಲ್ಲ. ಅಕ್ಕಪಕ್ಕದ ಸಾಲು ನೋಡಿ: ಸಾಲುಗಳು ದಿನದ ಕ್ರಮದಲ್ಲೇ ಇದ್ದರೆ ‘30/06/2016’ ಆದ ಮೇಲೆ ಬರುವುದು ಜುಲೈ 1. ಅನುಮಾನ ಇದ್ದರೆ ಆ ಕೇಂದ್ರದ ಫೈಲ್ ಮಾತ್ರ ಕೊಟ್ಟವರ ಹತ್ತಿರ ಮತ್ತೆ ಕೇಳಿ ತರಿಸಿಕೊಳ್ಳಿ.

ಸೋನೆಮಳೆ

ಕ್ರಮದಲ್ಲೇ ಇದೆ, ಆದರೂ ತರಿಸಿಕೊಳ್ಳುತ್ತೇನೆ. ಈಗಲೇ ಮೇಲ್ ಹಾಕಿದೆ. ಉಳಿದ ಕೇಂದ್ರಗಳ ಟೇಬಲ್ ಎರಡೂ ಕಂಪ್ಯೂಟರ್‌ನಲ್ಲಿ ಒಂದೇ ಬಂತು. ಸೋಮವಾರ ಗೈಡ್ ಜೊತೆ ಮೀಟಿಂಗ್ ಇದೆ, ಪ್ರಿಂಟ್ ತೆಗೆದಿಟ್ಟಿದ್ದೇನೆ.